ಅಣ್ಣನ ಏಟು, ಮನೆಯ ಗುಟ್ಟು, ಕಬಡ್ಡಿ ಅಂಕಣ: ಹದಿಹರೆಯದವರ ಕ್ರೀಡಾ ಕಾದಂಬರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆ ಹೈಸ್ಕೂಲು ಮತ್ತು ಪಿಯುಸಿ ಮಕ್ಕಳಿಗೆ ಕತೆ ಬರೆಯುವ ಶಿಬಿರ ನಡೆಸುತ್ತೇನೆ. ಆಟದ ಬಗ್ಗೆ ಕಾದಂಬರಿ ಬರೆಯಬೇಕು ಎನ್ನುವ ಮಕ್ಕಳೇ ಜಾಸ್ತಿ. ನಾಲ್ಕು ಪುಟ ಆಗುವಷ್ಟರಲ್ಲಿ ಕತೆ ಅಂಕಣ ಬಿಟ್ಟು ಮನೆಯೊಳಗೆ ಹೋಗಿರುತ್ತದೆ. ಅಣ್ಣ ಹೊಡೆದದ್ದು, ಅಕ್ಕ ಹಂಗಿಸಿದ್ದು, ದೊಡ್ಡವರು ಮುಚ್ಚಿಟ್ಟದ್ದು ಒಂದೊಂದಾಗಿ ಬರುತ್ತದೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಮಕ್ಕಳು, ತಾಯಂದಿರು, ಶಿಕ್ಷಕರು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ.

ಶಿಬಿರದಲ್ಲಿ ಕಲಿಸಲೆಂದು ಕಟ್ಟಿಕೊಂಡ ಒಂದು ಕತೆ ಇದೆ. ಉತ್ತರಗಳಲ್ಲಿ ಅದೇ ಉದಾಹರಣೆ ಬರುತ್ತದೆ. ಮಲ್ಪೆ ಹತ್ತಿರದ ಒಂದು ಮನೆ. ಅಪ್ಪ ಬೋಟಿನ ತಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಹತ್ತೊಂಬತ್ತು ವರ್ಷದ ಅಣ್ಣ ಊರಿಗೆಲ್ಲ ಗೊತ್ತಿರುವ ಕಬಡ್ಡಿ ಆಟಗಾರ. ಹದಿನಾಲ್ಕರ ತಮ್ಮ ಶಾಲಾ ತಂಡದ ರೈಡರ್. ತಮ್ಮನಿಗೆ ಆರು ವರ್ಷ ಇದ್ದಾಗ ಅಣ್ಣ ಅವನನ್ನು ಕೆರೆಯಲ್ಲಿ ಮುಳುಗಿಸಿ ಹಿಡಿದಿದ್ದ. ಮನೆಯಲ್ಲಿ ತಮ್ಮನಿಗೆ ಹೇಳಿಕೊಂಡು ಬಂದದ್ದು ಬೇರೆ: "ನೀನು ಜಾರಿ ಬಿದ್ದೆ. ಅಣ್ಣನೇ ನಿನ್ನನ್ನು ಎತ್ತಿದ್ದು."

## ಮೊದಲ ಪ್ರಶ್ನೆಗಳು

ಅಣ್ಣ ತಮ್ಮನ ಜಗಳ ಎಲ್ಲರ ಮನೆಯಲ್ಲೂ ಉಂಟು. ಅದನ್ನೇ ಕ್ರೌರ್ಯ ಅಂತ ಯಾಕೆ ದೊಡ್ಡದು ಮಾಡ್ತೀರಿ?

ಜಗಳ ಬೇರೆ, ಕ್ರೌರ್ಯ ಬೇರೆ. ಜಗಳದಲ್ಲಿ ಇಬ್ಬರೂ ಹೊಡೆಯುತ್ತಾರೆ, ಇಬ್ಬರೂ ಅಳುತ್ತಾರೆ, ಸಂಜೆ ಒಂದೇ ಮೊಬೈಲಿಗೆ ಕಣ್ಣು ನೆಟ್ಟು ಕೂತಿರುತ್ತಾರೆ. ಕ್ರೌರ್ಯದಲ್ಲಿ ಹೊಡೆಯುವವನು ಯಾವಾಗಲೂ ಒಬ್ಬನೇ, ಹೆದರುವವನೂ ಒಬ್ಬನೇ. ಅಣ್ಣನ ಬೈಕಿನ ಶಬ್ದ ಕೇಳಿದ ಕೂಡಲೇ ತಮ್ಮ ಜಗಲಿಯಿಂದ ಎದ್ದು ಒಳಗೆ ಹೋಗುತ್ತಾನೆ ಅಂದರೆ ಅದು ಜಗಳ ಅಲ್ಲ.

ಇದು ನಮಗೆ ಹೊಸ ವಿಷಯವೂ ಅಲ್ಲ. ಮಹಾಭಾರತದ ಆದಿಪರ್ವ ನೋಡಿ. ದುರ್ಯೋಧನ ಭೀಮನಿಗೆ ವಿಷ ಹಾಕಿದ ಊಟ ಕೊಟ್ಟದ್ದು ಜಲಕ್ರೀಡೆಗೆ ಹೋದ ದಿನ. ಪ್ರಜ್ಞೆ ತಪ್ಪಿದವನನ್ನು ಬಳ್ಳಿಯಲ್ಲಿ ಕಟ್ಟಿ ಗಂಗೆಗೆ ಹಾಕುತ್ತಾನೆ. ಭೀಮ ಬದುಕಿ ಬಂದು ಎಲ್ಲ ಹೇಳಿದಾಗ ಧರ್ಮರಾಯ ಹೇಳುವುದು ಏನು? ಸುಮ್ಮನಿರು, ಇದನ್ನು ಎಲ್ಲಿಯೂ ಆಡಬೇಡ ಎಂದು. ಏಟು ತಿಂದವನ ಬಾಯಿ ಮುಚ್ಚಿಸುವುದು ಆಗಲೇ ಇತ್ತು. ಮರಕ್ಕೆ ಹತ್ತಿದ ಕೌರವರನ್ನು ಭೀಮ ಮರ ಅಲ್ಲಾಡಿಸಿ ಬೀಳಿಸುತ್ತಿದ್ದನಲ್ಲ, ಅದನ್ನು ಮಾತ್ರ ನಾವು ಇವತ್ತಿಗೂ ತಮಾಷೆ ಎಂದೇ ಹೇಳುತ್ತೇವೆ. ಬಿದ್ದವರಿಗೆ ಅದು ತಮಾಷೆ ಆಗಿತ್ತಾ ಎಂದು ನನ್ನ ಶಿಬಿರದ ಮಕ್ಕಳನ್ನು ಯಾವಾಗಲೂ ಕೇಳುತ್ತೇನೆ.

ಈ ಬಗ್ಗೆ ಅಧ್ಯಯನವೂ ಆಗಿದೆ. ಅಮೆರಿಕದ ಮೂರೂವರೆ ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿ ನೋಡಿದ ಒಂದು ಅಧ್ಯಯನ 2013ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂತು. ಒಡಹುಟ್ಟಿದವರಿಂದ ಏಟು, ಬೆದರಿಕೆ, ಅವಮಾನ ಅನುಭವಿಸಿದ ಮಕ್ಕಳ ಮನಸ್ಸಿನ ಸಂಕಟ, ಶಾಲೆಯಲ್ಲಿ ಸಹಪಾಠಿಗಳಿಂದ ಕಾಟ ತಿಂದವರ ಸಂಕಟಕ್ಕೆ ಕಡಿಮೆ ಇರಲಿಲ್ಲ. ಶಾಲೆಯಲ್ಲಿ ಹೊಡೆದರೆ ಹೆಡ್ ಮಾಸ್ಟ್ರಿಗೆ ದೂರು ಹೋಗುತ್ತದೆ. ಮನೆಯಲ್ಲಿ ಹೊಡೆದರೆ "ಅಣ್ಣ ಅಲ್ವಾ, ಬಿಡು" ಎಂದು ಮುಗಿಯುತ್ತದೆ.

ಆಟದ ಕಾದಂಬರಿಗೆ ಮನೆಯ ಗುಟ್ಟು ಎಂತಕ್ಕೆ? ಪಂದ್ಯ ಗೆದ್ದರೆ ಸಾಲದಾ?

ಪಂದ್ಯ ಯಾರಿಗೋಸ್ಕರ ಗೆಲ್ಲಬೇಕು ಎಂದು ಗೊತ್ತಾಗಲು ಮನೆ ಬೇಕು. ಕರ್ಣನ ಕತೆಯನ್ನೇ ತೆಗೆದುಕೊಳ್ಳಿ. ದ್ರೋಣರ ಶಿಷ್ಯರು ವಿದ್ಯೆ ತೋರಿಸುವ ರಂಗ. ಸುತ್ತಲೂ ಜನ. ಅರ್ಜುನನ ಆಟ ಮುಗಿಯುವಾಗ ಕರ್ಣ ಒಳಗೆ ಬಂದು ಅವನನ್ನು ಕೆಣಕುತ್ತಾನೆ. ಕೃಪಾಚಾರ್ಯರು ಕುಲ ಕೇಳುತ್ತಾರೆ, ಕರ್ಣ ತಲೆ ತಗ್ಗಿಸುತ್ತಾನೆ. ಇವರಿಬ್ಬರೂ ಅಣ್ಣ ತಮ್ಮ ಎಂದು ಕುಂತಿಗೆ ಗೊತ್ತು. ಅವಳು ಕೂತಲ್ಲೇ ಮೂರ್ಛೆ ಹೋಗುತ್ತಾಳೆ, ಬಾಯಿ ಬಿಡುವುದಿಲ್ಲ. ಆವತ್ತು ಒಂದು ಮಾತು ಹೇಳಿದ್ದರೆ ಮುಂದಿನ ಕತೆ ಬೇರೆ ಆಗುತ್ತಿತ್ತು.

ಆ ರಂಗಸ್ಥಳದಿಂದ ಕುಂತಿಯನ್ನು ತೆಗೆದುಬಿಡಿ. ಇಬ್ಬರು ಬಿಲ್ಲುಗಾರರ ಸ್ಪರ್ಧೆ ಮಾತ್ರ ಉಳಿಯುತ್ತದೆ. ಅವಳು ಅಲ್ಲಿ ಕೂತಿರುವುದರಿಂದ ಪ್ರತಿ ಬಾಣಕ್ಕೂ ಭಾರ ಬರುತ್ತದೆ. ನಮ್ಮ ಕಡೆ 'ಕರ್ಣಭೇದನ' ತಾಳಮದ್ದಳೆಗೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಜನ ರಾತ್ರಿ ನಿದ್ದೆ ಬಿಟ್ಟು ಕೂರುವುದೂ ಇದಕ್ಕೇ. ಕತೆ ಎಲ್ಲರಿಗೂ ಗೊತ್ತು. ಗುಟ್ಟು ಕೇಳಿದ ಮೇಲೆ ಕರ್ಣ ಎಂತ ಹೇಳುತ್ತಾನೆ ಎಂಬುದನ್ನು ಕೇಳಲು ಕೂರುತ್ತಾರೆ.

ಹದಿಮೂರು ಹದಿನಾಲ್ಕರ ಮಕ್ಕಳಿಗೆ ಇಂಥದ್ದೆಲ್ಲ ಓದಲಿಕ್ಕೆ ಕೊಡಬಹುದಾ? ಮನಸ್ಸು ಕೆಡುವುದಿಲ್ವಾ?

ಈ ಪ್ರಶ್ನೆ ಕೇಳುವುದು ಹೆಚ್ಚಾಗಿ ತಾಯಂದಿರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಏಳನೇ ತರಗತಿಗಿಂತ ಚಿಕ್ಕವರಿಗೆ ನಾನೂ ಕೊಡುವುದಿಲ್ಲ. ಎಂಟನೇ ತರಗತಿ ದಾಟಿದವರಿಗೆ ಕೊಡುತ್ತೇನೆ.

ಕೆಡುವುದಿಲ್ಲ. ಇಂಥ ಕತೆ ಓದಿದ ಮೇಲೆ ಮಕ್ಕಳು ಮೊದಲು ಕೇಳುವುದು "ಅವನು ಅಮ್ಮನ ಹತ್ತಿರ ಯಾಕೆ ಹೇಳಲಿಲ್ಲ?" ಎಂದು. ಮನೆಯಲ್ಲಿ ಏಟು ತಿನ್ನುವ ಮಗುವಿಗೆ ಅದು ತನ್ನೊಬ್ಬನಿಗೇ ಆಗುತ್ತಿದೆ ಎಂಬ ನಾಚಿಕೆ ಇರುತ್ತದೆ. ಪುಸ್ತಕದಲ್ಲಿ ಇನ್ನೊಬ್ಬ ಹುಡುಗ ಸಿಕ್ಕಿದರೆ ಆ ನಾಚಿಕೆ ಸ್ವಲ್ಪ ಸಡಿಲವಾಗುತ್ತದೆ. ಏಟು ತಿನ್ನದ ಮಗುವಿಗೆ ಪಕ್ಕದ ಬೆಂಚಿನವನ ಮೈಮೇಲಿನ ಕಲೆ ಕಾಣಲು ಶುರುವಾಗುತ್ತದೆ. ಬರೆಯುವವರಿಗೆ ಒಂದೇ ಎಚ್ಚರಿಕೆ: ಹಿಂಸೆಯನ್ನು ರುಚಿಯಾಗಿ ಬರೆಯಬೇಡಿ. ಕೆರೆಯ ದೃಶ್ಯ ಅರ್ಧ ಪುಟ ಸಾಕು. ಅದಾದ ಎಂಟು ವರ್ಷ ಎರಡು ನೂರು ಪುಟ ತೆಗೆದುಕೊಳ್ಳಲಿ.

## ಮನೆ ಮತ್ತು ಗುಟ್ಟು

ಅಪ್ಪ ಅಮ್ಮ ಕೆಟ್ಟವರಲ್ಲ ಅಂತೀರಿ. ಹಾಗಾದರೆ ಮುಚ್ಚಿಟ್ಟದ್ದು ಯಾಕೆ?

ನನ್ನ ಮಟ್ಟಿಗೆ ಇಡೀ ಕಾದಂಬರಿ ಇರುವುದು ಈ ಪ್ರಶ್ನೆಯಲ್ಲಿ. ಅಣ್ಣ ಯಾಕೆ ಮುಳುಗಿಸಿದ ಎಂಬುದಕ್ಕಿಂತ ಅಮ್ಮ ಯಾಕೆ ಸುಳ್ಳು ಹೇಳಿದಳು ಎಂಬುದು ಕಷ್ಟದ ಪ್ರಶ್ನೆ.

ಉದಾಹರಣೆಯ ಮನೆಗೆ ಬನ್ನಿ. ಮಳೆ ಮುಗಿಯುತ್ತಾ ಬಂದಿದೆ, ಕೆರೆ ತುಂಬಿದೆ. ಅಪ್ಪ ಆಳಸಮುದ್ರ ಮೀನುಗಾರಿಕೆಗೆ ಹೋಗಿ ವಾರ ಆಗಿದೆ. ಮನೆಯಲ್ಲಿ ಅಮ್ಮ, ಅಜ್ಜಿ ಮಾತ್ರ. ಪಕ್ಕದ ತೆಂಗಿನ ಮರದಲ್ಲಿದ್ದ, ಕಳ್ಳು ಇಳಿಸುವ ಮೂರ್ತೆದಾರರು ಮೇಲಿನಿಂದ ಎಲ್ಲ ನೋಡಿ, ಇಳಿದು ಓಡಿ ಬಂದು ಮಗುವನ್ನು ಎತ್ತುತ್ತಾರೆ. ಒಂದು ಮಗು ಆಸ್ಪತ್ರೆಯ ಮಂಚದಲ್ಲಿ ಮಲಗಿದೆ, ಇನ್ನೊಂದು ಗೋಡೆಗೆ ಒರಗಿ ನಡುಗುತ್ತಿದೆ. ಹನ್ನೊಂದು ವರ್ಷದ ಆ ಹುಡುಗನೂ ಅವಳದೇ ಮಗ. ಹೊರಗೆ ಗೊತ್ತಾದರೆ ಪೊಲೀಸು, ಶಾಲೆ, ನೆಂಟರ ಬಾಯಿ. "ತಮ್ಮನನ್ನೇ ಕೊಲ್ಲಲು ಹೋದವನು" ಎಂಬ ಹೆಸರು ಸಾಯುವವರೆಗೂ ಹೋಗುವುದಿಲ್ಲ. ಅವಳು ಆ ಗಳಿಗೆಯಲ್ಲಿ ಒಂದು ಮಾತು ಹೇಳುತ್ತಾಳೆ: "ಜಾರಿ ಬಿದ್ದ."

ಆ ದಿನದ ಮಟ್ಟಿಗೆ ಅವಳನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಮರುದಿನ ಬೇರೆ. ಮರುದಿನ ಆ ಸುಳ್ಳಿಗೆ ಇನ್ನೊಂದು ಸೇರುತ್ತದೆ: "ಅಣ್ಣನೇ ಎತ್ತಿದ." ಈ ಎರಡನೆಯ ಸುಳ್ಳು ತಮ್ಮನನ್ನು ಸಾಲಗಾರ ಮಾಡುತ್ತದೆ. ತನ್ನನ್ನು ಮುಳುಗಿಸಿದವನಿಗೆ ಅವನು ಜೀವಮಾನವಿಡೀ ಋಣಿ. ಅಣ್ಣ ಹೊಡೆದರೆ "ಜೀವ ಉಳಿಸಿದವನಲ್ವಾ" ಎಂದು ಸಹಿಸುತ್ತಾನೆ. ನೀರು ಕಂಡರೆ ಎದೆ ಹೊಡೆದುಕೊಳ್ಳುವುದಕ್ಕೆ ತನ್ನ ಹೇಡಿತನವೇ ಕಾರಣ ಎಂದು ನಂಬುತ್ತಾನೆ. ಹಿರಿಯವನಿಗೆ ಕೆಟ್ಟ ಹೆಸರು ಬಾರದಿರಲಿ ಎಂದು ಅಮ್ಮ ಚಿಕ್ಕವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿಸಿದಳು. ಬೇಕೆಂದು ಮಾಡಿದ್ದಲ್ಲ. ಆದರೂ ಮಾಡಿದ್ದು ಅವಳೇ.

ಹಿರಿಯವನಿಗೂ ಅದು ಒಳ್ಳೆಯದು ಮಾಡಲಿಲ್ಲ. ಏನು ಮಾಡಿದರೂ ಮನೆ ತನ್ನನ್ನು ಕಾಯುತ್ತದೆ ಎಂದು ಅವನು ಹನ್ನೊಂದಕ್ಕೇ ಕಲಿತ. ಆಮೇಲೆ ಅವನು ಒಳ್ಳೆಯ ಆಟಗಾರ ಆದ. ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕೀತು ಎಂಬ ಆಸೆ ಮನೆಗೆ ಬಂತು. ಗುಟ್ಟಿನ ಬೆಲೆ ವರ್ಷ ವರ್ಷ ಏರಿತು. ಅಪ್ಪನಿಗೆ ಯಾವಾಗ ಗೊತ್ತಾಯಿತು, ಅವನು ಯಾಕೆ ಸುಮ್ಮನಾದ ಎಂಬುದನ್ನು ಬರೆಯುವವರು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಹೆಚ್ಚಿನ ಕೈಬರಹಗಳಲ್ಲಿ ಅಪ್ಪ ಪೇಪರ್ ಓದುತ್ತಾ ಜಗಲಿಯಲ್ಲೇ ಉಳಿದುಬಿಡುತ್ತಾನೆ.

ಗುಟ್ಟನ್ನು ಕೊನೆಯ ಅಧ್ಯಾಯದವರೆಗೆ ಬಚ್ಚಿಟ್ಟರೆ ಚೆನ್ನಾಗಿರುತ್ತದೆ ಅಲ್ವಾ?

ಇಲ್ಲ. ಮುಕ್ಕಾಲು ದಾರಿಯಲ್ಲಿ ಬಿಚ್ಚಿ. ಗುಟ್ಟು ಹೊರಗೆ ಬಂದ ಮರುದಿನವೂ ಆ ಮನೆಯಲ್ಲಿ ಯಾರೋ ಗಂಜಿಗೆ ನೀರಿಡಬೇಕು, ಎಲ್ಲರೂ ಒಂದೇ ಬಚ್ಚಲು ಬಳಸಬೇಕು. ಓದುಗರಿಗೆ ಆ ದಿನಗಳು ಬೇಕು.

ಇಲ್ಲಿ ಕರಾವಳಿಯ ಕ್ಯಾಲೆಂಡರ್ ನಿಮಗೆ ಸಹಾಯ ಮಾಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ವರ್ಷವಿಡೀ ಕಡಲಲ್ಲಿರುವ ಅಪ್ಪ 61 ದಿನ ಮನೆಯಲ್ಲಿ. ಹೊರಗೆ ಬಿಡದ ಮಳೆ. ಶಾಲೆ ಶುರುವಾಗಿದೆ, ಕಬಡ್ಡಿ ತಂಡದ ಆಯ್ಕೆ ಹತ್ತಿರ ಬಂದಿದೆ. ಕಡಲಲ್ಲಿದ್ದಾಗ ಕಾಣದ್ದು ಅಪ್ಪನಿಗೆ ಈಗ ಕಾಣುತ್ತದೆ: ದೊಡ್ಡವನು ಕೈ ಎತ್ತಿದಾಗ ಚಿಕ್ಕವನು ತಲೆ ಮುಚ್ಚಿಕೊಳ್ಳುವ ರೀತಿ. ಗುಟ್ಟು ಒಡೆಯಲು ಇದಕ್ಕಿಂತ ಒಳ್ಳೆಯ ಎರಡು ತಿಂಗಳು ಸಿಗುವುದಿಲ್ಲ.

ಹುಡುಗನಿಗೆ ಒಂದು ದಿನ ಎಲ್ಲ ಫಕ್ಕನೆ ನೆನಪಾಗುವ ಹಾಗೆ ಬರೆದರೆ ಆಗುದಿಲ್ವಾ?

ಸಿನಿಮಾದಲ್ಲಿ ಆಗುತ್ತದೆ. ಕಾದಂಬರಿಯಲ್ಲಿ ನಂಬಿಕೆ ಬರುವುದಿಲ್ಲ. ನೆನಪು ಹಾಗೆ ಕೆಲಸ ಮಾಡುವುದಿಲ್ಲ.

ಹೆಚ್ಚಿನವರಿಗೆ ಮೂರು ನಾಲ್ಕು ವರ್ಷಕ್ಕಿಂತ ಹಿಂದಿನದು ನೆನಪಿರುವುದಿಲ್ಲ. ಆರನೇ ವಯಸ್ಸಿನದು ಚೂರು ಚೂರಾಗಿ ಇರಬಹುದು: ಮೂಗಿನ ಉರಿ, ಹಸಿರು ನೀರಿನ ಬಣ್ಣ, ಕುತ್ತಿಗೆ ಮೇಲಿನ ಕೈ. ಆ ಕೈ ಎತ್ತುವ ಕೈಯೋ ಒತ್ತುವ ಕೈಯೋ ಎಂದು ಹೇಳಲು ಆ ಚೂರುಗಳಿಂದ ಆಗುವುದಿಲ್ಲ. ದೊಡ್ಡವರು ಪದೇ ಪದೇ ಹೇಳಿದ ಕತೆ ನೆನಪಿನ ಜಾಗದಲ್ಲಿ ಕೂರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. "ನೀನು ಚಿಕ್ಕವನಿದ್ದಾಗ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದೆ" ಎಂಬ ಕಟ್ಟುಕತೆಯನ್ನು ಮನೆಯವರು ಹೇಳಿದ್ದೆಂದು ಕೊಟ್ಟಾಗ, 24 ಜನರಲ್ಲಿ ಸುಮಾರು ಕಾಲು ಭಾಗ ಅದನ್ನು ಪೂರ್ತಿಯೋ ಅರ್ಧವೋ ನೆನಪಿಸಿಕೊಂಡರು. ನಡೆಯದ್ದೇ ನೆನಪಾಗುತ್ತದೆ ಅಂದರೆ, "ಅಣ್ಣ ಎತ್ತಿದ" ಎಂಬುದೂ ಆರು ವರ್ಷದ ಮಗುವಿಗೆ ಚೆನ್ನಾಗಿಯೇ ನೆನಪಾಗಬಹುದು.

ಹಾಗಾಗಿ ಹುಡುಗನಿಗೆ ಹೊರಗಿನಿಂದ ಸಾಕ್ಷಿ ಕೊಡಿ. ಒಂದೇ ಸಲ ಅಲ್ಲ, ಸ್ವಲ್ಪ ಸ್ವಲ್ಪವಾಗಿ. ಆಧಾರ್ ಕಾರ್ಡ್ ಹುಡುಕುವಾಗ ಗೋದ್ರೇಜ್ ಕಪಾಟಿನಲ್ಲಿ ಸಿಗುವ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಅದರಲ್ಲಿ ಕುತ್ತಿಗೆಯ ಹಿಂದಿನ ತರಚಿದ ಗಾಯದ ವಿವರ. ಜಾರಿ ಬಿದ್ದವನಿಗೆ ಅಲ್ಲಿ ಯಾಕೆ ಗಾಯ? ಆಮೇಲೆ ಆ ಮೂರ್ತೆದಾರರು. ವಯಸ್ಸಾಗಿ ಮರ ಹತ್ತುವುದು ಬಿಟ್ಟಿದ್ದಾರೆ. ಅವರು ಈ ಹುಡುಗನನ್ನು ಕಂಡಾಗಲೆಲ್ಲ ಸ್ವಲ್ಪ ಹೊತ್ತು ಜಾಸ್ತಿಯೇ ನೋಡುತ್ತಾರೆ.

ದೈವದ ನುಡಿಯಲ್ಲೋ ಜ್ಯೋತಿಷಿಗಳ ಪ್ರಶ್ನೆಯಲ್ಲೋ ಗುಟ್ಟು ಹೊರಗೆ ಬಂದರೆ? ನಮ್ಮ ಊರಿನ ಕತೆ ಅಲ್ವಾ?

ನಮ್ಮಲ್ಲಿ ಕುಟುಂಬದ ಮನೆಯಲ್ಲಿ ತೊಂದರೆ ಬಂದರೆ ಪ್ರಶ್ನೆ ಇಡುವುದು, ನೇಮದಲ್ಲಿ, ಅಂದರೆ ದೈವದ ಉತ್ಸವದಲ್ಲಿ, ದೈವದ ಮುಂದೆ ಹೇಳಿಕೊಳ್ಳುವುದು ನಿಜ. ಕತೆಯಲ್ಲಿ ಬರಬಹುದು. ಆದರೆ ದೈವವೇ ಎಲ್ಲ ಹೇಳಿಬಿಟ್ಟರೆ ಅಮ್ಮ ಹೇಳಬೇಕಾದ ಮಾತು ತಪ್ಪಿಹೋಗುತ್ತದೆ. ಕುಟುಂಬದವರೆಲ್ಲ ಸೇರಿದ ಅಂಗಳದಲ್ಲಿ, ಕೈಮುಗಿದು ನಿಂತ ಅಮ್ಮನಿಗೆ ಇವತ್ತು ಹೊರಗೆ ಬಂದೀತೇ ಎಂಬ ಭಯ ಇರಲಿ. ಬಾರದೆ ಹೋಗಲಿ. ಮನೆಗೆ ಬಂದ ಮೇಲೆ ಅವಳೇ ಹೇಳಲಿ. ನಂಬಿಕೆಯ ವಿಷಯವನ್ನು ಕತೆಯ ಬೀಗದ ಕೈ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

## ಅಂಕಣದಲ್ಲಿ

ಕಬಡ್ಡಿಯೇ ಯಾಕೆ? ನಂಗೆ ಗೊತ್ತಿರುವುದು ವಾಲಿಬಾಲ್.

ಗೊತ್ತಿರುವ ಆಟವನ್ನೇ ಬರೆಯಿರಿ. ನಾನು ಈ ಕತೆಗೆ ಕಬಡ್ಡಿ ಆರಿಸಿದ್ದು ಉಸಿರಿಗಾಗಿ.

ರೈಡರ್ ಎದುರಾಳಿಯ ಅಂಕಣಕ್ಕೆ ಹೋದಾಗ "ಕಬಡ್ಡಿ ಕಬಡ್ಡಿ" ಎಂದು ಕೇಳುವ ಹಾಗೆ, ಒಂದೇ ಉಸಿರಿನಲ್ಲಿ, ಬಿಡದೆ ಹೇಳಬೇಕು. ಹೆಚ್ಚೆಂದರೆ 30 ಸೆಕೆಂಡು. ಉಸಿರು ತಪ್ಪಿದರೆ ಔಟ್. ನಮ್ಮ ಹುಡುಗ ಚುರುಕಾಗಿದ್ದಾನೆ, ಕಾಲು ಚೆನ್ನಾಗಿದೆ, ಬೋನಸ್ ಅಂಕ ಸುಲಭವಾಗಿ ತರುತ್ತಾನೆ. ಆದರೆ ನಾಲ್ಕು ಜನ ಮೇಲೆ ಬಿದ್ದು ಹಿಡಿದ ಕೂಡಲೇ ಅವನ ಉಸಿರು ನಿಂತುಹೋಗುತ್ತದೆ. ಗೆರೆ ಮುಟ್ಟಲು ಒಂದು ಗೇಣು ಬಾಕಿ ಇದ್ದರೂ ಕೈ ಚಾಚುವುದಿಲ್ಲ. ಎಲ್ಲರೂ ಇವನಿಗೆ ಧೈರ್ಯ ಇಲ್ಲ ಎನ್ನುತ್ತಾರೆ. ಮನೆ ಮುಚ್ಚಿಟ್ಟದ್ದನ್ನು ಅವನ ಮೈ ಪ್ರತಿ ಪಂದ್ಯದಲ್ಲೂ ಹೇಳುತ್ತಿದೆ, ಕೇಳಿಸಿಕೊಳ್ಳುವವರು ಇಲ್ಲ.

ಕಬಡ್ಡಿಯ ನಿಯಮದಲ್ಲಿ ಇನ್ನೊಂದು ವಿಷಯ ಇದೆ. ಹಿಡಿದವರು ರೈಡರ್‌ನ ಬಾಯಿ ಮುಚ್ಚಿ, ಕುತ್ತಿಗೆ ಒತ್ತಿ ಉಸಿರು ನಿಲ್ಲಿಸುವ ಹಾಗಿಲ್ಲ. ಅದು ಫೌಲ್. ಈಗ ಒಂದು ದೃಶ್ಯ ಯೋಚಿಸಿ. ಸಂಜೆ ಗದ್ದೆಯಲ್ಲಿ ಅಭ್ಯಾಸ. "ನಿನ್ನನ್ನು ಗಟ್ಟಿ ಮಾಡುತ್ತೇನೆ" ಎಂದು ಅಣ್ಣ ಹಿಡಿಯುತ್ತಾನೆ. ಮಣ್ಣಿನಲ್ಲಿ ಒತ್ತಿ, ಅಂಗೈಯಿಂದ ಬಾಯಿ ಮುಚ್ಚುತ್ತಾನೆ. ಸುತ್ತ ನಿಂತವರು ನಗುತ್ತಾರೆ. ತಂಡದ ಚಿಕ್ಕ ಹುಡುಗನೊಬ್ಬ ಮಾತ್ರ "ಅಣ್ಣಾ, ಅದು ಫೌಲ್" ಎನ್ನುತ್ತಾನೆ. ಆ ಮನೆಯ ಬಗ್ಗೆ ಹೊರಗಿನವರು ಹೇಳಿದ ಮೊದಲ ನಿಜ ಅದು.

ವಾಲಿಬಾಲ್‌ನಲ್ಲೂ ಇಂಥದ್ದು ಸಿಗುತ್ತದೆ. ಅಣ್ಣ ಸ್ಮ್ಯಾಷರ್, ತಮ್ಮ ಸೆಟ್ಟರ್ ಆಗಿದ್ದರೆ, ತಮ್ಮ ಎತ್ತಿಕೊಟ್ಟರೆ ಮಾತ್ರ ಅಣ್ಣ ಹೊಡೆಯಬಲ್ಲ. ಊರಿನ ಹೊನಲು ಬೆಳಕಿನ ಪಂದ್ಯಾಟದಲ್ಲಿ ಹೊಡೆಯುವವನ ಕೈಗೆ ಟ್ರೋಫಿ ಹೋಗುತ್ತದೆ. ಎತ್ತಿಕೊಟ್ಟವನ ಹೆಸರನ್ನು ಮೈಕಿನವರೂ ಹೇಳುವುದಿಲ್ಲ. ಒಂದು ರಾತ್ರಿ ಸೆಟ್ಟರ್ ಚೆಂಡನ್ನು ಬೇರೆಯವನಿಗೆ ಕೊಟ್ಟರೆ?

ಪಂದ್ಯದ ಭಾಗ ಬರೆದರೆ ಕಾಮೆಂಟರಿ ಹಾಗೆ ಆಗ್ತದೆ. ಏನು ಮಾಡುವುದು?

ಎಲ್ಲ ಪಾಯಿಂಟ್ ಬರೆಯಬೇಡಿ. ಒಂದು ಪಂದ್ಯಕ್ಕೆ ಎರಡು ರೈಡ್ ಸಾಕು. ಒಂದು ಆಟಕ್ಕೆ, ಒಂದು ಕತೆಗೆ. ತಾಲೂಕು ಮಟ್ಟ, ಜಿಲ್ಲಾ ಮಟ್ಟ, ಮೈಸೂರು ವಿಭಾಗ ಮಟ್ಟ ಎಂದು ಮೂರೂ ಕಡೆ ಪಂದ್ಯ ಇದ್ದರೂ ಓದುಗರಿಗೆ ಒಂದನ್ನು ಮಾತ್ರ ಪೂರ್ತಿ ತೋರಿಸಿ.

ಅಕ್ಕ ತಂಗಿಯ ಕತೆ ಬರೆಯುತ್ತಿದ್ದೇನೆ. ಹುಡುಗಿಯರು ಹಾಗೆಲ್ಲ ಹೊಡೆಯುವುದಿಲ್ಲ ಅಂತ ಫ್ರೆಂಡ್ಸ್ ಹೇಳ್ತಾರೆ.

ಹೊಡೆಯುತ್ತಾರೆ. ಹೊಡೆಯದೆಯೂ ನೋಯಿಸುತ್ತಾರೆ. ತಂಗಿ ಆಟಕ್ಕೆ ಶಾರ್ಟ್ಸ್ ಹಾಕಿದ ಫೋಟೋವನ್ನು ನೆಂಟರ ವಾಟ್ಸ್ಯಾಪ್ ಗುಂಪಿಗೆ ಹಾಕುವ ಅಕ್ಕ. ಪಂದ್ಯದ ಹಿಂದಿನ ರಾತ್ರಿ ಶೂ ಬಾವಿಗೆ ಹಾಕುವ ಅಕ್ಕ. ಮುಟ್ಟಿನ ದಿನವನ್ನು ಎಲ್ಲರೆದುರು ಆಡುವ ಅಕ್ಕ. ಇಂಥದ್ದಕ್ಕೆ ಕಲೆ ಉಳಿಯುವುದಿಲ್ಲ, ಹಾಗಾಗಿ ಸಾಕ್ಷಿಯೂ ಇಲ್ಲ.

ಅಕ್ಕನಿಗೆ ಕಾರಣ ಕೊಡುವಾಗ ಸುಮ್ನೆ ಹೊಟ್ಟೆಕಿಚ್ಚು ಎಂದು ಬಿಡಬೇಡಿ. ಅವಳೂ ಓಡುತ್ತಿದ್ದಿರಬಹುದು. ಹತ್ತನೇ ತರಗತಿಗೆ ಮನೆಯವರು ನಿಲ್ಲಿಸಿರಬಹುದು. ಆಗ ಬೇಡ ಎಂದ ಅದೇ ಮನೆ ಈಗ ತಂಗಿಗೆ ಹಾಲು, ಮೊಟ್ಟೆ, ಬಸ್ಸಿನ ಖರ್ಚು ಕೊಡುತ್ತದೆ. ನಡುವೆ ಏನಾಯಿತು? ಕಾರ್ಕಳ ತಾಲೂಕಿನ ಮಮತಾ ಪೂಜಾರಿ ಭಾರತ ಕಬಡ್ಡಿ ತಂಡದ ನಾಯಕಿಯಾದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಒಬ್ಬ ಹುಡುಗಿ ಅಷ್ಟು ಎತ್ತರಕ್ಕೆ ಹೋದ ಮೇಲೆ ಸುತ್ತಲಿನ ಎಷ್ಟೋ ಅಪ್ಪಂದಿರ ಮನಸ್ಸು ಬದಲಾಗಿದ್ದರೆ ಆಶ್ಚರ್ಯವಿಲ್ಲ. ನಿಮ್ಮ ಕತೆಯ ಅಕ್ಕ ಆ ಬದಲಾವಣೆಗೆ ಸ್ವಲ್ಪ ಮೊದಲು ಹುಟ್ಟಿದವಳು. ಆದರೆ ನಿಜವಾದ ಆಟಗಾರರ ಮನೆಯ ವಿಷಯವನ್ನು ಊಹಿಸಿ ಕತೆಗೆ ತರಬೇಡಿ.

ನಾನು ಪಿ.ಟಿ. ಮಾಸ್ಟ್ರು. ಇಂಥ ಕತೆಗಳಲ್ಲಿ ನಮ್ಮನ್ನು ದೇವರು ಮಾಡ್ತಾರೆ, ಇಲ್ಲದಿದ್ದರೆ ರಾಕ್ಷಸರು. ಸರಿಯಾಗಿ ಬರೆಯುವುದು ಹೇಗೆ?

ನಿಮ್ಮ ದೂರು ನ್ಯಾಯವಾದದ್ದು. ಮನೆಯವರಿಗಿಂತ ಮೊದಲು ಮಗುವಿನ ಮೈಮೇಲಿನ ಗುರುತು ಕಾಣುವುದು ನಿಮಗೇ. ಜೆರ್ಸಿ ಬದಲಿಸುವಾಗ, ಕಾಲಿಗೆ ಸ್ಪ್ರೇ ಹೊಡೆಯುವಾಗ. ಆಟದಲ್ಲಿ ಆದ ಗಾಯ ಹೆಚ್ಚಾಗಿ ಮೊಣಕೈ, ಮೊಣಕಾಲು, ಗಲ್ಲದಲ್ಲಿ ಇರುತ್ತದೆ. ಬೆನ್ನು, ತೋಳಿನ ಒಳಭಾಗ, ಕಿವಿಯ ಹಿಂದೆ ಇದ್ದರೆ ಕೇಳಬೇಕು. ಕತೆಯ ಮಾಸ್ಟ್ರು ಇದನ್ನು ಗಮನಿಸಲಿ, ಒಮ್ಮೆ ಕೇಳಲಿ, ಹುಡುಗ "ಬಿದ್ದೆ ಸರ್" ಎಂದಾಗ ನಂಬಿದ ಹಾಗೆ ಮಾಡಲಿ. ಜಿಲ್ಲಾ ಮಟ್ಟಕ್ಕೆ ಇನ್ನು ಹತ್ತು ದಿನ. ಹುಡುಗ ಬೇಕು. ಅಣ್ಣನೂ ಅವರದೇ ಹಳೆಯ ಶಿಷ್ಯ. ಒಳ್ಳೆಯ ಮನುಷ್ಯ ಸುಮ್ಮನಾಗುವುದು ಹೀಗೆ. ಎರಡನೆಯ ಸಲ ಅವರು ಸುಮ್ಮನಿರಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಲು ಸಾಕ್ಷಿ ಬೇಡ, ಅನುಮಾನ ಸಾಕು. ಆ ಫೋನ್ ಮಾಡಿದ ಮೇಲೆ ಊರು ಅವರನ್ನು ಹೇಗೆ ನೋಡುತ್ತದೆ ಎಂಬುದನ್ನೂ ಬರೆಯಿರಿ.

## ಬರೆಯುತ್ತಾ ಹೋದವರ ಪ್ರಶ್ನೆಗಳು

ಅಣ್ಣನನ್ನು ಪೂರ್ತಿ ವಿಲನ್ ಮಾಡಬೇಕಾ?

ಮಾಡಬೇಡಿ, ತೊಳೆದು ಶುದ್ಧವೂ ಮಾಡಬೇಡಿ. ಅವನಿಗೂ ಒಂದು ಅಧ್ಯಾಯ ಕೊಡಿ. ತಮ್ಮ ಹುಟ್ಟಿದ ವರ್ಷ ಅಪ್ಪನ ಬೋಟಿಗೆ ಸಾಲ ಆಗಿರಬಹುದು, ಹಿರಿಯವನನ್ನು ಎರಡು ವರ್ಷ ಅಜ್ಜಿ ಮನೆಗೆ ಕಳಿಸಿರಬಹುದು. ಅವನ ಲೆಕ್ಕದಲ್ಲಿ ಮನೆ ಹೋದದ್ದು ತಮ್ಮನಿಂದ. ಓದುಗರಿಗೆ ಇದು ಗೊತ್ತಾಗಬೇಕು. ಆದರೆ ಕಾರಣ ಗೊತ್ತಾದ ಕೂಡಲೇ ತಪ್ಪು ಸಣ್ಣದಾಗುವುದಿಲ್ಲ. ಹನ್ನೊಂದರಲ್ಲಿ ಮಾಡಿದ್ದಕ್ಕೆ ಒಂದು ಅಳತೆ, ಹತ್ತೊಂಬತ್ತರಲ್ಲಿ ಮಣ್ಣಿಗೆ ಒತ್ತಿ ಬಾಯಿ ಮುಚ್ಚಿದ್ದಕ್ಕೆ ಬೇರೆ ಅಳತೆ.

ಕಾನೂನಿನಲ್ಲಿ ಆ ಅಣ್ಣನಿಗೆ ಎಂತ ಆಗ್ತದೆ? ಜೈಲಾ?

ಇದನ್ನು ಸರಿಯಾಗಿ ತಿಳಿದುಕೊಂಡು ಬರೆಯಿರಿ, ಕತೆಗೆ ಬಹಳ ಉಪಯೋಗ. ಏಳು ವರ್ಷದ ಒಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರ ನಡುವೆ ಇದ್ದರೆ, ತಾನು ಮಾಡುತ್ತಿರುವುದು ಏನು ಎಂದು ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡುತ್ತಾರೆ. ಹಳೆಯ ದಂಡ ಸಂಹಿತೆಯಲ್ಲೂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೇ ನಿಯಮ. ಹದಿನೆಂಟರೊಳಗಿನವರ ವಿಷಯ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. 2015ರ ಬಾಲನ್ಯಾಯ ಕಾಯ್ದೆ ಮಗುವಿನ ಹೆಸರು ಹೊರಗೆ ಹಾಕುವುದನ್ನು ನಿಷೇಧಿಸಿದೆ. ಅಷ್ಟು ಚಿಕ್ಕ ವಯಸ್ಸಿನವನ ಮೇಲಿನ ತೀರ್ಮಾನ ಮುಂದೆ ಅವನ ಕೆಲಸಕ್ಕೆ ಅಡ್ಡಿಯಾಗಬಾರದು ಎಂದೂ ಹೇಳಿದೆ.

ಅಂದರೆ ಅಮ್ಮ ಹೆದರಿದ್ದು, ಕ್ರೀಡಾ ಕೋಟಾದ ಕೆಲಸ ಹೋದೀತು ಎಂದು ಅಪ್ಪ ಹೆದರಿದ್ದು, ಹೆಚ್ಚಿನಂಶ ತಿಳಿಯದ ಹೆದರಿಕೆ. ಎಂಟು ವರ್ಷದ ಸುಳ್ಳಿನ ಅಡಿಪಾಯ ಅಷ್ಟೇ ಆಗಿತ್ತು ಎಂದು ಗೊತ್ತಾಗುವ ದೃಶ್ಯ ನನ್ನನ್ನು ತುಂಬಾ ಕಾಡುತ್ತದೆ. ಈಗ ಅವನು ವಯಸ್ಕ. ಈಗ ಮಾಡುವುದಕ್ಕೆ ಈ ರಕ್ಷಣೆ ಯಾವುದೂ ಇಲ್ಲ.

ಕೊನೆಗೆ ಅಣ್ಣ ತಮ್ಮ ಒಂದಾಗಬೇಕಲ್ವಾ? ಇಲ್ಲದಿದ್ದರೆ ಓದುವವರಿಗೆ ಬೇಸರ ಆಗ್ತದೆ.

ಒಂದಾಗಬಹುದು, ಆಗದೆಯೂ ಇರಬಹುದು. ಅದನ್ನು ತೀರ್ಮಾನಿಸುವುದು ತಮ್ಮ. ಅಮ್ಮನಲ್ಲ, ಊರಲ್ಲ, ಬರೆಯುವವರೂ ಅಲ್ಲ. "ಏನಾದರೂ ಆಗಲಿ, ಅಣ್ಣ ಅಲ್ವಾ" ಎಂಬ ಮಾತು ಅವನು ಹುಟ್ಟಿದಾಗಿನಿಂದ ಕೇಳಿದ್ದು. ಕೊನೆಯ ಪುಟದಲ್ಲಿ ನೀವೂ ಅದನ್ನೇ ಹೇಳಿದರೆ ಆ ಮನೆಯವರ ಪಕ್ಷಕ್ಕೆ ಸೇರಿದ ಹಾಗೆ ಆಗುತ್ತದೆ. ಕ್ಷಮೆಗಿಂತ ಮೊದಲು ಬರಬೇಕಾದದ್ದು ಬೇರೆ ಇದೆ. ಯಾರಾದರೂ ಒಬ್ಬರು ಅವನ ಎದುರು ಕೂತು, ನಡೆದದ್ದನ್ನು ನಡೆದ ಹಾಗೆ, ಅವನು ಕೇಳುವ ಎಲ್ಲ ಪ್ರಶ್ನೆಗೆ ಉತ್ತರ ಕೊಡುತ್ತಾ ಹೇಳಬೇಕು. ಆ ದೃಶ್ಯ ಸರಿಯಾಗಿ ಬಂದರೆ ಅಪ್ಪುಗೆ ಇಲ್ಲದಿದ್ದರೂ ಓದುಗರಿಗೆ ಬೇಸರ ಆಗುವುದಿಲ್ಲ.

ಮನೆಯಲ್ಲಿ ತುಳು ಮಾತಾಡುವುದು. ಕಾದಂಬರಿ ಕನ್ನಡದಲ್ಲಿ. ಮಾತುಕತೆ ಹೇಗೆ ಬರೆಯಲಿ?

ಕನ್ನಡದಲ್ಲೇ ಬರೆಯಿರಿ, ಕರಾವಳಿಯ ಕನ್ನಡದಲ್ಲಿ. "ಎಂತ ಮಾರಾಯ", "ಗೊತ್ತುಂಟು" ಎಂದರೆ ಸಾಕು, ಊರು ಬರುತ್ತದೆ. ಕೊಂಕಣಿ, ಬ್ಯಾರಿ ಮನೆಗಳಿಗೂ ಇದೇ ದಾರಿ. ತುಳುವಿನ ಮಾತು ಒಂದೆರಡು ಕಡೆ ಮಾತ್ರ ಇಡಿ. ಅಮ್ಮ ಕೊನೆಗೆ ನಿಜ ಹೇಳುವಾಗ ಮೊದಲ ವಾಕ್ಯ ತುಳುವಿನಲ್ಲಿ ಬಂದರೆ ಅದರ ಭಾರವೇ ಬೇರೆ.

ನಾನು ಬರೆಯುತ್ತಿರುವುದು ನಮ್ಮ ಮನೆಯದೇ ಕತೆ. ಮನೆಯವರಿಗೆ ಗೊತ್ತಾದರೆ ಏನು ಮಾಡಲಿ?

ಶಿಬಿರ ಮುಗಿದ ಮೇಲೆ, ಎಲ್ಲರೂ ಚಾಪೆ ಮಡಚಿ ಹೊರಟ ಮೇಲೆ, ಒಬ್ಬರೇ ಹತ್ತಿರ ಬಂದು ಕೇಳುವ ಪ್ರಶ್ನೆ ಇದು.

ಮೊದಲು ನಿಮ್ಮ ಬಗ್ಗೆ. ಅದು ಈಗಲೂ ನಡೆಯುತ್ತಿದ್ದರೆ ಕಾದಂಬರಿ ಕಾಯಲಿ. ನಂಬಿಕೆ ಇರುವ ಒಬ್ಬ ದೊಡ್ಡವರಿಗೆ ಹೇಳಿ. ಮನೆಯವರು ನಂಬದಿದ್ದರೆ ಟೀಚರ್, ಸೋದರ ಮಾವ, ಚಿಕ್ಕಮ್ಮ, ಗೆಳತಿಯ ಅಮ್ಮ ಯಾರಾದರೂ ಆಗಬಹುದು. ಒಬ್ಬರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳಿ. 1098 ದಿನದ 24 ಗಂಟೆಯೂ ಇರುತ್ತದೆ, ಹಣ ಬೇಡ, ಮಗುವೇ ನೇರವಾಗಿ ಮಾಡಬಹುದು. ಮನಸ್ಸಿಗೆ ತಡೆಯಲಾಗದೆ ಇದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮುಟ್ಟಬಾರದ ಕಡೆ ಮುಟ್ಟುವ ವಿಷಯವಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿದ ದೊಡ್ಡವರು ಪೊಲೀಸರಿಗೆ ತಿಳಿಸಲೇಬೇಕು. ನನಗೆ ಹೇಳಿದರೂ ನಾನು ತಿಳಿಸುತ್ತೇನೆ. ಅದನ್ನು ಶಿಬಿರದ ಮೊದಲ ದಿನವೇ ಎಲ್ಲರಿಗೂ ಹೇಳಿರುತ್ತೇನೆ.

ನಡೆದು ಮುಗಿದದ್ದಾದರೆ ಬರೆಯಿರಿ. ಮೊದಲ ಕರಡು ನಿಮ್ಮೊಬ್ಬರಿಗೆ. ಅದರಲ್ಲಿ ಹೆಸರು, ಮನೆ, ಬಾವಿ, ನಾಯಿ ಎಲ್ಲ ಇದ್ದ ಹಾಗೇ ಇರಲಿ. ಫೋನಿನಲ್ಲಿ ಬರೆದರೆ ಲಾಕ್ ಹಾಕಿ, ನೋಟ್‌ಬುಕ್ಕಾದರೆ ಶಾಲೆಯಲ್ಲಿ ಇಡಿ. ಎರಡನೆಯ ಕರಡಿನಲ್ಲಿ ಬದಲಿಸಲು ಶುರು ಮಾಡಿ. ಹೆಸರು ಬದಲಿಸಿದರೆ ಸಾಲದು, ನೆಂಟರು ಹತ್ತು ಸಾಲಿನಲ್ಲಿ ಕಂಡುಹಿಡಿಯುತ್ತಾರೆ. ಆಟ ಬದಲಿಸಿ, ಊರು ಬದಲಿಸಿ, ಅಣ್ಣನನ್ನು ಅಕ್ಕ ಮಾಡಿ, ಕೆರೆಯನ್ನು ಕಲ್ಲುಕೋರೆ ಮಾಡಿ. ಇಷ್ಟು ಬದಲಿಸಿದ ಮೇಲೂ ಬದಲಾಗದೆ ಉಳಿಯುವುದು ಒಂದಿರುತ್ತದೆ. ಮೂರನೆಯ ಕರಡನ್ನು ಅದರಿಂದ ಶುರು ಮಾಡಿ, ಮತ್ತು ಅದನ್ನು ಯಾರಿಗೆ ಮೊದಲು ತೋರಿಸಬೇಕು ಎಂದು ನೀವೇ ಆರಿಸಿಕೊಳ್ಳಿ.